ಕಾಫಿ ಸೀಮೆಯ ಸಂಶೋಧನೆಯಲ್ಲಿ ಲೆಕ್ಕಕ್ಕೆ ಬಂದವರು

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಬೆಟ್ಟಗಳ ಮೇಲೆ ನೂರೈವತ್ತು ವರ್ಷಗಳಿಂದ ಒಂದಲ್ಲ ಒಂದು ಬಗೆಯ ಅಧ್ಯಯನ ನಡೆದುಕೊಂಡು ಬಂದಿದೆ. ಸಸ್ಯರೋಗದವರು, ಜನಗಣತಿಯವರು, ಜಾತಿ ಬುಡಕಟ್ಟುಗಳ ವಿವರ ಬರೆದವರು, ಕೂಲಿಯವರ ಸ್ಥಿತಿಗತಿ ವಿಚಾರಿಸಿದವರು, ಹಕ್ಕಿ ಮರ ಎಣಿಸಿದವರು, ಕೊನೆಗೆ ಉಪಗ್ರಹದ ಚಿತ್ರ ಹಿಡಿದು ಬಂದವರು. ಯಾವ ಗಿಡ, ಯಾವ ಮನೆ, ಯಾವ ಮನುಷ್ಯ ಅಧ್ಯಯನದೊಳಗೆ ಸೇರಬೇಕು ಎಂಬುದನ್ನು ಇವರೆಲ್ಲರೂ ಮೊದಲೇ ತೀರ್ಮಾನಿಸಬೇಕಿತ್ತು. ಆ ತೀರ್ಮಾನ ವರದಿಗಳ ಮುನ್ನುಡಿಯಲ್ಲಿ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಆದರೆ ಮುಂದಿನ ಪುಟಗಳ ಉತ್ತರವೆಲ್ಲ ಅದರ ಮೇಲೆಯೇ ನಿಂತಿರುತ್ತದೆ.

ಮೊದಲ ಪಾಠ ಕಲಿಸಿದ್ದು ಕಾಫಿ ಗಿಡವೇ. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಐತಿಹ್ಯ. ಸಂಖ್ಯೆ ಏನೇ ಇರಲಿ, ಈ ಬೆಟ್ಟಗಳ ಹಳೆಯ ಅರೇಬಿಕಾ ಗಿಡಗಳೆಲ್ಲ ಕೆಲವೇ ಬೀಜಗಳ ಸಂತಾನ. ‘ಚಿಕ್’ ಎಂದು ಹೆಸರಾಗಿದ್ದ ಆ ತಳಿ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಚೆನ್ನಾಗಿಯೇ ಫಸಲು ಕೊಟ್ಟಿತು. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಹೆಚ್ಚು ತಡವಿಲ್ಲದೆ ಮೈಸೂರು ಸೀಮೆಗೂ ಹಬ್ಬಿತು. ಕಾಂಡಕೊರಕದ ಕಾಟವೂ ಸೇರಿ ಚಿಕ್ ತಳಿ ನೆಲಕಚ್ಚಿತು. ಒಂದೇ ರಕ್ತದ ಗಿಡಗಳಾಗಿದ್ದರಿಂದ ಒಂದಕ್ಕೆ ತಟ್ಟಿದ್ದು ಎಲ್ಲಕ್ಕೂ ತಟ್ಟಿತು.

ಸರ್ಕಾರದ ಸಂಶೋಧನೆ ಶುರುವಾಗುವ ಮೊದಲು ಪ್ರಯೋಗ ನಡೆಸುತ್ತಿದ್ದವರು ಪ್ಲಾಂಟರುಗಳು. ಮೂಡಿಗೆರೆಗೆ ತಗುಲಿದ ಮಂಜರಾಬಾದ್ ಸೀಮೆಯಲ್ಲಿ ತೋಟ ಮಾಡಿದ್ದ ರಾಬರ್ಟ್ ಎಲಿಯಟ್ 1894ರ ತನ್ನ ಪುಸ್ತಕದಲ್ಲಿ ನೆರಳು ಮರಗಳ ಗುಣದೋಷಗಳನ್ನು ವಿವರವಾಗಿ ಬರೆದ. ಬಸರಿ, ಗೋಣಿ ಮುಂತಾದ ಮರಗಳನ್ನು ಆತ ಕನ್ನಡದ ಹೆಸರಿನಿಂದಲೇ ಗುರುತಿಸುತ್ತಾನೆ. ಯಾವ ಮರದಡಿ ಗಿಡ ಏಳುತ್ತದೆ, ಯಾವುದರಡಿ ಸೊರಗುತ್ತದೆ ಎಂಬ ತಿಳಿವಳಿಕೆ ಇಲ್ಲಿನ ಜನರದು. ಹೆಸರುಗಳು ಪುಸ್ತಕಕ್ಕೆ ಸೇರಿದವು, ಹೇಳಿಕೊಟ್ಟವರು ಹೊರಗೇ ಉಳಿದರು.

1915ರಲ್ಲಿ ಮೈಸೂರು ಸರ್ಕಾರ ಕೊಪ್ಪದಲ್ಲಿ ತಾತ್ಕಾಲಿಕ ಕಾಫಿ ಪ್ರಯೋಗ ಕೇಂದ್ರ ತೆರೆಯಿತು. ಇದರ ಹಿಂದಿದ್ದವರು ಕೆನಡಾದಿಂದ ಬಂದು ಮೈಸೂರಿನ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್. 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಕಾಯಂ ಕೇಂದ್ರ ನೆಲೆಯಾಯಿತು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ. ಆ ಹೊತ್ತಿಗೆ ಬೆಳೆಗಾರರು ನಂಬಿದ್ದುದು ಕೆಂಟ್ಸ್ ತಳಿಯನ್ನು. ಕೆಂಟ್ ಎಂಬ ಪ್ಲಾಂಟರ್ 1911ರ ಸುಮಾರಿಗೆ ತೋಟದಲ್ಲಿ ತುಕ್ಕು ತಗುಲದೆ ನಿಂತ ಗಿಡವನ್ನು ಗುರುತಿಸಿ ಬೆಳೆಸಿದ ತಳಿ ಅದು. ಕೆಲವು ವರ್ಷ ಕಳೆಯುತ್ತಲೇ ಕೆಂಟ್ಸ್‌ನ ಎಲೆಯಡಿಯಲ್ಲೂ ಕಿತ್ತಳೆ ಬಣ್ಣದ ಪುಡಿ ಕಾಣಿಸಿತು. ಗಿಡವೇ ದುರ್ಬಲವಾಯಿತೆ, ಅಥವಾ ರೋಗವೇ ಬದಲಾಯಿತೆ?

ಬಾಳೆಹೊನ್ನೂರಿನಲ್ಲಿ ಈ ಪ್ರಶ್ನೆಗೆ ಕೈಹಾಕಿದವರು ವಿಲ್ಸನ್ ಮೇಯ್ನ್. ಅಲ್ಲಿಯವರೆಗೆ ತುಕ್ಕು ಎಂದರೆ ಒಂದೇ ಶಿಲೀಂಧ್ರ, ಎಲ್ಲಿಂದ ತಂದರೂ ಒಂದೇ ಎಂಬುದು ಸಾಮಾನ್ಯ ಗ್ರಹಿಕೆ. ಮೇಯ್ನ್ ಒಂದು ಕಡೆಯ ಪುಡಿಗೆ ತೃಪ್ತರಾಗಲಿಲ್ಲ. ಬೇರೆ ಬೇರೆ ಮೂಲದ ತುಕ್ಕನ್ನು ಬೇರೆ ಬೇರೆ ತಳಿಯ ಗಿಡಗಳಿಗೆ ಸೋಂಕಿಸಿ, ಯಾವುದು ಯಾವುದಕ್ಕೆ ಹತ್ತುತ್ತದೆ, ಯಾವುದಕ್ಕೆ ಹತ್ತುವುದಿಲ್ಲ ಎಂದು ಗುರುತು ಹಾಕುತ್ತ ಹೋದರು. ಚಿಕ್, ಕೂರ್ಗ್ ತಳಿಗಳನ್ನು ಹಿಡಿಯುವ ತುಕ್ಕು ಒಂದು, ಕೆಂಟ್ಸನ್ನೂ ಹಿಡಿಯಬಲ್ಲದ್ದು ಇನ್ನೊಂದು ಎಂಬುದು ಹೊರಬಿತ್ತು. 1932ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಫಲಿತಾಂಶ ಅಚ್ಚಾಯಿತು. ಮುಂದಿನ ವರ್ಷಗಳಲ್ಲಿ ಅವರು ಗುರುತಿಸಿದ ತುಕ್ಕಿನ ಪಂಗಡಗಳು ನಾಲ್ಕಾದವು. ಕಾಫಿ ತುಕ್ಕಿನಲ್ಲಿ ಪಂಗಡಗಳಿವೆಯೆಂದು ಜಗತ್ತು ಮೊದಲು ತಿಳಿದದ್ದು ಭದ್ರಾ ನದಿಯ ದಂಡೆಯ ಈ ಊರಿನಿಂದ. ಪೋರ್ಚುಗಲ್‌ನ ಓಯೆರಾಸ್‌ನಲ್ಲಿ 1955ರಲ್ಲಿ ತೆರೆದ ಅಂತರರಾಷ್ಟ್ರೀಯ ಕೇಂದ್ರ ಇದೇ ಕ್ರಮವನ್ನು ವಿಸ್ತರಿಸಿತು. ಈಗ ಗೊತ್ತಿರುವ ಪಂಗಡಗಳು ಐವತ್ತಕ್ಕೂ ಹೆಚ್ಚು.

ಗಿಡಗಳ ಆಯ್ಕೆಯಲ್ಲೂ ಇದೇ ಔದಾರ್ಯ ಫಲ ಕೊಟ್ಟಿತು. ದೂಬ್ಲಾ ಎಸ್ಟೇಟಿನಲ್ಲಿ ಅರೇಬಿಕಾ ಮತ್ತು ಲೈಬೀರಿಕಾ ತಾವಾಗಿಯೇ ಕೂಡಿ ಹುಟ್ಟಿದ್ದ ಒಂದು ಮಿಶ್ರ ಗಿಡ ಸಿಕ್ಕಿತ್ತು. ಅದರ ಸಂತತಿಯಿಂದ ಆರಿಸಿದ ಎಸ್. 288ರಲ್ಲಿ ಜೊಳ್ಳು ಬೀಜ ಹೆಚ್ಚು. ಫಸಲು ಮಾತ್ರ ನೋಡುವವರು ಕಿತ್ತೆಸೆಯುತ್ತಿದ್ದ ಗಿಡ ಅದು. ತುಕ್ಕು ತಡೆಯುವ ಗುಣಕ್ಕಾಗಿ ಅದನ್ನು ಉಳಿಸಿಕೊಂಡು ಕೆಂಟ್ಸ್ ಜತೆ ಕೂಡಿಸಿದ್ದರಿಂದ ಎಸ್. 795 ಹುಟ್ಟಿತು. 1940ರ ದಶಕದಲ್ಲಿ ಬೆಳೆಗಾರರ ಕೈಸೇರಿದ ಈ ತಳಿ ದಶಕಗಟ್ಟಲೆ ಮಲೆನಾಡಿನ ಅರೇಬಿಕಾ ತೋಟಗಳನ್ನು ಆಳಿತು. ಕ್ರಮೇಣ ಅದನ್ನೂ ಹಿಡಿಯುವ ತುಕ್ಕು ಬಂತು, ನಿಜ. ಆದರೂ ಈ ಬೆಟ್ಟಗಳ ಸಂಶೋಧನೆಯಲ್ಲಿ ಅತಿ ದೊಡ್ಡ ಪ್ರತಿಫಲ ಕೊಟ್ಟ ಸೇರ್ಪಡೆ ಆ ಜೊಳ್ಳು ಬೀಜದ ಗಿಡದ್ದೇ.

ಮನುಷ್ಯರ ವಿಷಯಕ್ಕೆ ಬಂದರೆ ಅಷ್ಟು ಔದಾರ್ಯ ಕಾಣುವುದಿಲ್ಲ. 1881ರಿಂದ 1931ರವರೆಗಿನ ಜನಗಣತಿಗಳು ಒಂದು ರಾತ್ರಿಯ ಗಣತಿಗಳು. ಆ ರಾತ್ರಿ ಯಾರು ಎಲ್ಲಿದ್ದರೋ ಅಲ್ಲಿಯ ಲೆಕ್ಕಕ್ಕೆ ಸೇರುತ್ತಿದ್ದರು. ದಿನಾಂಕಗಳನ್ನು ನೋಡಿ: 1881ರ ಫೆಬ್ರವರಿ 17, 1891ರ ಫೆಬ್ರವರಿ 26, 1901ರ ಮಾರ್ಚ್ 1, 1911ರ ಮಾರ್ಚ್ 10, 1921ರ ಮಾರ್ಚ್ 18, 1931ರ ಫೆಬ್ರವರಿ 26. ಎಲ್ಲವೂ ಕಾಫಿ ಸೀಮೆಯ ಕೆಲಸದ ದಿನಗಳು. ಅರೇಬಿಕಾ ಕೊಯ್ಲು ಮುಗಿಯುತ್ತಿರುತ್ತದೆ, ಕಣದಲ್ಲಿ ಹಣ್ಣು ಒಣಗುತ್ತಿರುತ್ತದೆ. ದಕ್ಷಿಣ ಕನ್ನಡದಿಂದ ಮೇಸ್ತ್ರಿಯ ಮುಂಗಡ ಪಡೆದು ಘಟ್ಟ ಹತ್ತಿ ಬಂದ ಆಳುಗಳು ಇನ್ನೂ ತೋಟದ ಸಾಲುಮನೆಗಳಲ್ಲಿ, ಅಂದರೆ ಲೈನ್‌ಮನೆಗಳಲ್ಲಿ ಇರುತ್ತಾರೆ. ಮುಂಗಾರಿಗೆ ಮುನ್ನ ಗದ್ದೆ ಕೆಲಸಕ್ಕೆ ಘಟ್ಟ ಇಳಿಯುವ ಇವರು ಗಣತಿಯ ರಾತ್ರಿ ಆಗಿನ ಕಡೂರು ಜಿಲ್ಲೆಯ ಪ್ರಜೆಗಳಾದರು. ಅದೇ ಎಣಿಕೆಯನ್ನು ಆಷಾಢದಲ್ಲಿ ಮಾಡಿದ್ದರೆ ಮೂಡಿಗೆರೆಯ ಜನಸಂಖ್ಯೆ ಬೇರೆಯೇ ಆಗಿರುತ್ತಿತ್ತು. ಊರಿನ ಗಂಡು ಹೆಣ್ಣಿನ ಪ್ರಮಾಣ, ತುಳು ಮಾತಾಡುವವರ ಸಂಖ್ಯೆ, ಹೊರಗೆ ಹುಟ್ಟಿದವರ ಪಾಲು ಇವೆಲ್ಲವೂ ಒಂದು ದಿನಾಂಕದ ಆಯ್ಕೆಗೆ ಕಟ್ಟುಬಿದ್ದಿದ್ದವು.

1941ರಿಂದ ಒಂದು ರಾತ್ರಿಯ ಕ್ರಮ ಹೋಗಿ, ವಾಡಿಕೆಯ ವಾಸಸ್ಥಳಕ್ಕೆ ಒತ್ತು ಬಂತು. ಸ್ವಾತಂತ್ರ್ಯಾನಂತರ ಗಣತಿಯ ಅವಧಿ ಸಾಮಾನ್ಯವಾಗಿ ಫೆಬ್ರವರಿಯ ಕೆಲವು ವಾರಗಳಿಗೆ ಹಿಗ್ಗಿತು. ಆ ಅವಧಿಯಲ್ಲಿ ಒಮ್ಮೆಯಾದರೂ ಮನೆಯಲ್ಲಿದ್ದವರನ್ನು ಮನೆಯ ಲೆಕ್ಕಕ್ಕೆ, ಪೂರ್ತಿ ಹೊರಗಿದ್ದವರನ್ನು ಸಿಕ್ಕಲ್ಲಿ ಬರೆದುಕೊಳ್ಳುವುದು ನಿಯಮ. ಈಗ ಕೊಯ್ಲಿಗೆ ಅಸ್ಸಾಮಿನಿಂದ ಬರುವ ಕುಟುಂಬಗಳ ಮಟ್ಟಿಗೂ ಇದೇ ನಿಯಮ. ತಿಂಗಳಿಗೊಂದು ತೋಟ ಬದಲಿಸುವವರು ಎರಡು ಕಡೆಯೂ ತಪ್ಪಿಹೋಗುವ ಸಾಧ್ಯತೆ ಹೆಚ್ಚು, ಮತ್ತು ಅಂಥವರಿಗೇ ಪಡಿತರ, ಶಾಲೆ, ಆಸ್ಪತ್ರೆಗಳ ಅಗತ್ಯವೂ ಹೆಚ್ಚು.

ಮೈಸೂರಿನ ಜನಾಂಗ ಸಮೀಕ್ಷೆ 1903ರಲ್ಲಿ ಎಚ್. ವಿ. ನಂಜುಂಡಯ್ಯನವರ ಮೇಲ್ವಿಚಾರಣೆಯಲ್ಲಿ ಶುರುವಾಯಿತು. ಎಲ್. ಕೆ. ಅನಂತಕೃಷ್ಣ ಅಯ್ಯರ್ ಅದನ್ನು ಪೂರ್ಣಗೊಳಿಸಿ 1928ರಿಂದ 1935ರೊಳಗೆ ನಾಲ್ಕು ಸಂಪುಟಗಳಾಗಿ ತಂದರು. ಮಲೆನಾಡಿನ ಹಸಲ ಬುಡಕಟ್ಟಿನವರೂ ಅದರೊಳಗೆ ಬಂದರು. ಅದು ಸಣ್ಣ ಮಾತಲ್ಲ. ಆದರೆ ಅಧ್ಯಯನದ ಘಟಕ ಜಾತಿ. ಅನೇಕ ಜಾತಿ, ಎರಡು ಮೂರು ಭಾಷೆಯ ಜನ ಒಂದೇ ಸೂರಿನ ಸಾಲಿನಲ್ಲಿ ಬದುಕುತ್ತಿದ್ದ ಲೈನ್‌ಮನೆ ಆ ಚೌಕಟ್ಟಿಗೆ ಒಗ್ಗುವಂಥದ್ದಲ್ಲ.

ಲೈನ್‌ಮನೆಯ ಬದುಕು ಸರ್ಕಾರದ ಕಣ್ಣಿಗೆ ಬಿದ್ದದ್ದು 1940ರ ದಶಕದಲ್ಲಿ. ಡಿ. ವಿ. ರೇಗೆ ಅವರ ತೋಟ ಕಾರ್ಮಿಕರ ವರದಿ 1946ರಲ್ಲಿ ಬಂತು, ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ 1951ರಲ್ಲಿ. ಮನೆ, ನೀರು, ವೈದ್ಯ, ಶಿಶುವಿಹಾರ ಒದಗಿಸುವ ಹೊಣೆ ಮಾಲೀಕರ ಮೇಲೆ ಬಿದ್ದುದು ಈ ಕಾಯ್ದೆಯಿಂದ. ಆದರೆ 25 ಎಕರೆ ಮತ್ತು 30 ಕಾರ್ಮಿಕರಿಗಿಂತ ಕಡಿಮೆಯಿದ್ದ ತೋಟ ‘ಪ್ಲಾಂಟೇಶನ್’ ಅನಿಸಿಕೊಳ್ಳಲಿಲ್ಲ. 1981ರ ತಿದ್ದುಪಡಿ ಈ ಗೆರೆಯನ್ನು 5 ಹೆಕ್ಟೇರ್ ಮತ್ತು 15 ಕಾರ್ಮಿಕರಿಗೆ ಇಳಿಸಿತು. ಕಾಯ್ದೆಯ ಗೆರೆಯೇ ಅಂಕಿಅಂಶಗಳ ಗೆರೆಯೂ ಆಗುವುದರಿಂದ, ಸಣ್ಣ ತೋಟದ ಆಳು ಕಾನೂನಿಗೂ ಸಮೀಕ್ಷೆಗೂ ಒಟ್ಟಿಗೇ ಹೊರಗಾದ.

ದೊಡ್ಡ ತೋಟದೊಳಗೂ ಎಲ್ಲರೂ ಕಾಣುತ್ತಿದ್ದರೆಂದಲ್ಲ. ತೋಟದ ಆಳುಗಳ ಬಗ್ಗೆ ಯಾರೇ ವಿಚಾರಿಸಲಿ, ಮೊದಲು ಕೇಳುವುದು ರೈಟರ ಕೈಯಲ್ಲಿರುವ ಚೆಕ್‌ರೋಲನ್ನು. ಎಡಕ್ಕೆ ಹೆಸರು, ಬಲಕ್ಕೆ ತಿಂಗಳ ದಿನಗಳ ಮನೆಗಳು, ಪ್ರತಿ ಮನೆಯಲ್ಲೂ ಹಾಜರಿಯ ಗುರುತು. ಹಣ್ಣು ಕೊಯ್ಯುವ ಕಾಲದಲ್ಲಿ ಕೂಲಿ ತೂಕದ ಮೇಲೆ. ತಾಯಿಯ ಜತೆ ಬಂದು ಕೆಳಗಿನ ರೆಂಬೆಗಳ ಹಣ್ಣು ಬಿಡಿಸಿದ, ನೆಲಕ್ಕುದುರಿದ್ದನ್ನು ಹೆಕ್ಕಿದ ಮಗುವಿನ ದುಡಿಮೆ ತಾಯಿಯ ಚೀಲಕ್ಕೆ ಸೇರಿ, ತಾಯಿಯ ಹೆಸರಿನ ಮುಂದೆ ಕಿಲೋಗಳಾಗಿ ದಾಖಲಾಗುತ್ತಿತ್ತು. ಚೆಕ್‌ರೋಲನ್ನೇ ಆಧಾರ ಮಾಡಿಕೊಂಡ ಅಧ್ಯಯನಕ್ಕೆ ಆ ಮಗು ಸಿಗುವುದೇ ಇಲ್ಲ. ಸಿಗಬೇಕಾದರೆ ಸಂಜೆ ಲೈನ್‌ಮನೆಯ ಜಗಲಿಯಲ್ಲಿ ಕೂತು, ಮನೆಯೊಂದೊಂದನ್ನೂ ಮಾತಾಡಿಸಬೇಕು.

ಬೆಳೆಗಾರರ ಲೆಕ್ಕದ ಕಥೆ ತಿರುವುಮುರುವು. 1942ರ ಕಾಫಿ ಕಾಯ್ದೆಯಡಿ ಬೆಳೆಗಾರರು ನೋಂದಾಯಿಸಿಕೊಂಡು, ಬೆಳೆದ ಕಾಫಿಯನ್ನು ಕಾಫಿ ಮಂಡಳಿಯ ಒಟ್ಟು ಸಂಗ್ರಹಕ್ಕೆ, ಅಂದರೆ ಪೂಲಿಗೆ ಹಾಕಬೇಕಿತ್ತು. ಕಟ್ಟುನಿಟ್ಟಿನ ಆ ವ್ಯವಸ್ಥೆಯಲ್ಲಿ ಕಳಸದ ಸಣ್ಣ ಬೆಳೆಗಾರನ ಮೂಟೆಯೂ ತೂಕಕ್ಕೆ ಬರುತ್ತಿತ್ತು. 1996ರ ಹೊತ್ತಿಗೆ ಪೂಲ್ ಮುಗಿಯಿತು. ಬೆಳೆಗಾರರಿಗೆ ಮಾರಾಟದ ಸ್ವಾತಂತ್ರ್ಯ ಸಿಕ್ಕಿತು, ಮಂಡಳಿಗೆ ಹೂವಿನ ನಂತರ ಒಂದು, ಮಳೆಗಾಲದ ನಂತರ ಒಂದು ಅಂದಾಜು ಉಳಿಯಿತು. ಭಾರತದ ಕಾಫಿ ಹಿಡುವಳಿಗಳಲ್ಲಿ ಶೇಕಡ 98ಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ಅಂದಾಜಿನ ಮಾದರಿಯಲ್ಲಿ ಇವುಗಳ ಪಾಲು ಸರಿಯಿಲ್ಲದಿದ್ದರೆ ದೇಶದ ಫಸಲಿನ ಅಂಕಿಯೇ ತಪ್ಪುತ್ತದೆ.

ಜೀವಶಾಸ್ತ್ರಜ್ಞರು ತೋಟಗಳತ್ತ ತಿರುಗಿದ್ದು ತಡವಾಗಿ. ಕಾಡುಪ್ರಾಣಿ, ಹಕ್ಕಿಗಳ ಅಧ್ಯಯನ ಎಂದರೆ ಅಭಯಾರಣ್ಯದ ಒಳಗೆ ಎಂಬ ರೂಢಿ ಬಹುಕಾಲ ನಡೆಯಿತು. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯ ವಿಜ್ಞಾನಿ, ಊರವರು ಉಡಾಳನೆಂದು ತಳ್ಳಿಹಾಕಿದ್ದ ಮಂದಣ್ಣನನ್ನು ಹುಟ್ಟು ಜೀವವಿಜ್ಞಾನಿಯೆಂದು ಗುರುತಿಸಿ ಜತೆಗಿಟ್ಟುಕೊಳ್ಳುತ್ತಾನೆ. ಯಾರನ್ನು ಸಂಶೋಧನೆಯೊಳಗೆ ಕರೆದುಕೊಳ್ಳಬೇಕು ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಇಷ್ಟು ಮನಮುಟ್ಟುವಂತೆ ಎತ್ತಿದ ಇನ್ನೊಂದು ಕೃತಿ ನೆನಪಿಗೆ ಬರುವುದಿಲ್ಲ. ಕಳೆದ ದಶಕದಲ್ಲಿ ಕೃತಿ ಕಾರಂತ ಮತ್ತು ಸಂಗಡಿಗರು ಕರ್ನಾಟಕದ ಪಶ್ಚಿಮಘಟ್ಟದ ಕಾಫಿ, ಅಡಿಕೆ, ರಬ್ಬರ್ ತೋಟಗಳಲ್ಲೇ ಹಕ್ಕಿ ಎಣಿಸಿದರು, ಬೆಳೆಗಾರರನ್ನೂ ಮಾತಾಡಿಸಿದರು. ಮೂರರಲ್ಲಿ ಹಕ್ಕಿಗಳಿಗೆ ಹೆಚ್ಚು ಆಸರೆಯಾದದ್ದು ನೆರಳಿನ ಕಾಫಿ.

ಕೃತಿ ಕಾರಂತರದೇ ಇನ್ನೊಂದು ಅಧ್ಯಯನ ಭದ್ರಾ ಅಭಯಾರಣ್ಯದಿಂದ ಎಂ. ಸಿ. ಹಳ್ಳಿ ಮತ್ತು ಕೆಳಗೂರಿಗೆ ಸ್ಥಳಾಂತರಗೊಂಡ 400ಕ್ಕೂ ಹೆಚ್ಚು ಮನೆಗಳದ್ದು. ಬೆರಳೆಣಿಕೆಯ ಮುಖಂಡರ ಹೇಳಿಕೆಗೆ ನಿಲ್ಲದೆ ಅರ್ಧಕ್ಕೂ ಹೆಚ್ಚು ಮನೆಗಳನ್ನು ಒಳಗೊಂಡಿತು, 2002ರಲ್ಲೊಮ್ಮೆ ವಿಚಾರಿಸಿ 2006ರಲ್ಲಿ ಮತ್ತೆ ಹೋಯಿತು. ಬಹುಪಾಲು ಮನೆಗಳು ಹೊಸ ಬದುಕಿನ ಬಗ್ಗೆ ಸಮಾಧಾನ ಹೇಳಿದವು ಎಂಬ ಅದರ ಫಲಿತಾಂಶಕ್ಕೆ ಬೆಲೆ ಬಂದದ್ದು ಈ ವ್ಯಾಪ್ತಿಯಿಂದ.

ಅತಿ ಹೆಚ್ಚು ಕಾವು ಎಬ್ಬಿಸಿದ್ದು ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಗುರುತು. 2013ರ ಕಸ್ತೂರಿರಂಗನ್ ವರದಿ ಉಪಗ್ರಹ ಚಿತ್ರಗಳಿಂದ ನೈಸರ್ಗಿಕ ಭೂಭಾಗವನ್ನೂ ಊರು, ತೋಟಗಳ ಭೂಭಾಗವನ್ನೂ ಬೇರ್ಪಡಿಸಿತು. ಒಂದು ಗ್ರಾಮದಲ್ಲಿ ಸೂಕ್ಷ್ಮ ಭಾಗ ಶೇಕಡ 20 ಅಥವಾ ಹೆಚ್ಚಿದ್ದರೆ ಇಡೀ ಗ್ರಾಮ ಪಟ್ಟಿಗೆ ಸೇರಿತು. ಕರ್ನಾಟಕದ ಪಾಲು 20,668 ಚದರ ಕಿ.ಮೀ. ಅತ್ತಿ, ಹಲಸು, ಬೀಟೆ, ಹಾಲುವಾಣಗಳ ಕೆಳಗೆ ಬೆಳೆದ ಕಾಫಿ ಮೇಲಿನಿಂದ ಕಾಡಿನಂತೆಯೇ ಕಾಣುತ್ತದೆ, ಮರ ಉಳಿಸಿಕೊಂಡವರೇ ನಿರ್ಬಂಧಕ್ಕೆ ಸಿಕ್ಕಿಬೀಳುತ್ತೇವೆ ಎಂಬುದು ಬೆಳೆಗಾರರ ಆತಂಕ. ಈ ಅನುಮಾನ ಕೇವಲ ಹಟವಲ್ಲ. ಕಾಡು ಉಳಿಯಬೇಕೆನ್ನುವವರ ಕಾಳಜಿಯೂ ಅಷ್ಟೇ ನಿಜ. ಕೇರಳ ಉಮ್ಮನ್ ವಿ. ಉಮ್ಮನ್ ಸಮಿತಿಯ ನಂತರ ಸ್ಥಳೀಯರ ಜತೆ ನೆಲದ ಮೇಲೆ ಪರಿಶೀಲನೆ ನಡೆಸಿ, 13,108 ಚದರ ಕಿ.ಮೀ. ಇದ್ದ ತನ್ನ ಪಾಲನ್ನು 9,993.7ಕ್ಕೆ ಇಳಿಸಿಕೊಂಡಿತು. ಕೇಂದ್ರದ ಕರಡು ಅಧಿಸೂಚನೆ ಆ ಅಂಕಿಯನ್ನೇ ಒಪ್ಪಿತು. ಕರ್ನಾಟಕದ ಮಂತ್ರಿಮಂಡಲ 2024ರ ಸೆಪ್ಟೆಂಬರಿನಲ್ಲಿ ವರದಿಯನ್ನೇ ತಿರಸ್ಕರಿಸಿತು. ಅದಕ್ಕೂ ಮೊದಲು ಬಂದ 2024ರ ಜುಲೈ ಕರಡಿನಲ್ಲಿ ಕರ್ನಾಟಕದ ಮುಂದೆ ಅದೇ 20,668 ಇತ್ತು.