ಗೂಡಿನಿಂದ ಮನೆಗೆ ಬಂದ ಕಾಯುವಿಕೆ

ದೇಶ ಬದಲಿಸುವಾಗ ಪುಟ್ಟ ನಾಯಿಯನ್ನೂ ಕರೆದೊಯ್ಯಬೇಕೆನ್ನುವವರು ಬ್ರಿಟನ್ನಿನ ಕಥೆ ತಿಳಿದಿರಬೇಕು.

ರೇಬಿಸ್‌ಗೆ ಹೆದರಿದ ಆ ದ್ವೀಪರಾಷ್ಟ್ರ, 20ನೇ ಶತಮಾನದ ಬಹುಕಾಲ, ಹೊರದೇಶದ ನಾಯಿಗಳನ್ನು ಆರು ತಿಂಗಳು ಕ್ವಾರಂಟೈನ್ ಗೂಡಿನಲ್ಲಿಡುತ್ತಿತ್ತು. ರೋಗ ಮೈಯೊಳಗೆ ತಿಂಗಳುಗಟ್ಟಲೆ ಅಡಗಿರಬಲ್ಲದು. ಆದ್ದರಿಂದ ಕಾದು ನೋಡುವುದೇ ಪರೀಕ್ಷೆ. ವಿಮಾನಗಳು ಬಂದು ವಾರಗಳ ಪ್ರಯಾಣ ಗಂಟೆಗಳಿಗೆ ಇಳಿದರೂ ಗೂಡಿನ ಅವಧಿ ಇಳಿಯಲಿಲ್ಲ.

2000ದ ಫೆಬ್ರವರಿಯಲ್ಲಿ ‘ಪೆಟ್ ಟ್ರಾವೆಲ್ ಸ್ಕೀಮ್’ ಶುರುವಾಯಿತು. ಮೈಕ್ರೋಚಿಪ್, ಲಸಿಕೆ, ರಕ್ತಪರೀಕ್ಷೆ ಆಗಿದ್ದರೆ, ಗೊತ್ತುಪಡಿಸಿದ ದೇಶಗಳ ನಾಯಿಗಳಿಗೆ ಗೂಡು ತಪ್ಪಿತು. ಆದರೆ ಕಾಯುವುದು ತಪ್ಪಲಿಲ್ಲ. ಅದು ಗೂಡಿನಿಂದ ನಮ್ಮ ಮನೆಗೆ ಬಂತು, ಅಷ್ಟೇ.

ಇಂದಿಗೂ ಭಾರತದಿಂದ ಬ್ರಿಟನ್ನಿಗೆ ಹೋಗುವ ನಾಯಿಗೆ ಮೊದಲು ಚಿಪ್, ಆಮೇಲೆ ಲಸಿಕೆ. ಈ ಕ್ರಮ ತಪ್ಪಿದರೆ ಲಸಿಕೆ ಲೆಕ್ಕಕ್ಕಿಲ್ಲ. ಕನಿಷ್ಠ 30 ದಿನ ಬಿಟ್ಟು ರಕ್ತದ ಮಾದರಿ. ಅಲ್ಲಿಂದ ಮತ್ತೆ ಮೂರು ತಿಂಗಳು. ಮರಿ ಎಷ್ಟೇ ಚಿಕ್ಕದಿರಲಿ, ಅಲ್ಲಿಗೆ ವಿಮಾನದಲ್ಲಿ ಹೋಗುವುದು ಸರಕಾಗಿಯೇ.

ನಮ್ಮ ನೌಕರಿಯ ನೋಟಿಸಿಗೆ ಇಷ್ಟು ತಾಳ್ಮೆ ಇರುವುದಿಲ್ಲ. ಕೊನೆಗಳಿಗೆಯಲ್ಲಿ ನಾಯಿಯನ್ನು ಯಾರದೋ ಕೈಗೊಪ್ಪಿಸಿ ಕಣ್ಣೊರೆಸಿಕೊಳ್ಳುವ ಬದಲು, ಮರಿ ಮನೆಗೆ ಬಂದಾಗಲೇ ಚಿಪ್, ಲಸಿಕೆ, ಕಾಗದಪತ್ರ ಮುಗಿಸಿಟ್ಟರೆ ಲೇಸು.