ಬ್ಯಾಸ್ಕೆಟ್‌ಬಾಲ್ ಬಿಟ್ಟು ಫುಟ್‌ಬಾಲಿಗೆ ಬಂದವರು

ಅಮೆರಿಕನ್ನರು ಫುಟ್‌ಬಾಲ್ ಎನ್ನುವುದು ನಮ್ಮ ಕಾಲ್ಚೆಂಡನ್ನಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟವನ್ನು. 1962ರಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದವರು ಇದಕ್ಕೆ ಕಾರ್ನೆಲ್ ಗ್ರೀನ್ ಎಂಬ ಬ್ಯಾಸ್ಕೆಟ್‌ಬಾಲ್ ಆಟಗಾರನನ್ನು ಕರೆತಂದರು. ಕಾಲೇಜಿನಲ್ಲಿ ಫುಟ್‌ಬಾಲನ್ನೇ ಆಡದಿದ್ದ ಆತ ಎದುರಾಳಿಯ ಬೆನ್ನು ಬಿಡದೆ ಕಾಯುವ ಕೆಲಸದಲ್ಲಿ 13 ವರ್ಷ ನಿಂತ.

ಆಂಟೋನಿಯೊ ಗೇಟ್ಸ್‌ನ ಕಥೆ ಇನ್ನೂ ಸೊಗಸು. 2002ರಲ್ಲಿ ಆತನ ಕೆಂಟ್ ಸ್ಟೇಟ್ ತಂಡ ರಾಷ್ಟ್ರೀಯ ಕಾಲೇಜು ಬ್ಯಾಸ್ಕೆಟ್‌ಬಾಲಿನ ಕೊನೆಯ ಎಂಟರ ಹಂತ ಮುಟ್ಟಿತ್ತು. ಆದರೆ 6 ಅಡಿ 4 ಅಂಗುಲದ ಆಳು ವೃತ್ತಿಪರ ಬ್ಯಾಸ್ಕೆಟ್‌ಬಾಲಿನಲ್ಲಿ ಅವನ ಸ್ಥಾನಕ್ಕೆ ಗಿಡ್ಡನಂತೆ! (ಮಕ್ಕಳನ್ನು ಎತ್ತರದ ಸಾಲಿನಲ್ಲಿ ನಿಲ್ಲಿಸಿ ಆರಿಸುವ ನಾವೂ ಕಮ್ಮಿಯಿಲ್ಲ ಬಿಡಿ.) 2003ರ ಫುಟ್‌ಬಾಲ್ ಆಯ್ಕೆಯಲ್ಲೂ ಯಾರೂ ಅವನ ಹೆಸರು ಕೂಗಲಿಲ್ಲ. ಬಳಿಕ ಸ್ಯಾನ್ ಡಿಯಾಗೊ ಚಾರ್ಜರ್ಸ್ ಸೇರಿಸಿಕೊಂಡಿತು. ಬುಟ್ಟಿಯ ಕೆಳಗೆ ಎದುರಾಳಿಯನ್ನು ಬೆನ್ನಿನಿಂದಲೇ ತಡೆದು, ಎಗರಿ ಚೆಂಡು ಹಿಡಿಯುವ ಅಭ್ಯಾಸ ಇಲ್ಲಿಯೂ ಒದಗಿತು. ಟೈಟ್ ಎಂಡ್ ಸ್ಥಾನದಲ್ಲಿ 116 ಟಚ್‌ಡೌನ್ ಗಳಿಸಿ ದಾಖಲೆ ಮಾಡಿದ. 2025ರಲ್ಲಿ ಹಾಲ್ ಆಫ್ ಫೇಮ್ ಸೇರಿದ.

ಹೀಗೆ ಬಂದವರೆಲ್ಲ ಗೆದ್ದರೆಂದಲ್ಲ. ಆದರೂ ಮಿಯಾಮಿ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಬ್ಯಾಸ್ಕೆಟ್‌ಬಾಲ್, ಒಂದೇ ವರ್ಷ ಫುಟ್‌ಬಾಲ್ ಆಡಿದ್ದ ಜಿಮ್ಮಿ ಗ್ರಹಾಂನನ್ನು 2010ರಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಮೂರನೇ ಸುತ್ತಿನಲ್ಲೇ ಆರಿಸಿಕೊಂಡಿತು.