ಉಡುಪಿಯಲ್ಲಿ ಮಕ್ಕಳಿರುವ ಬೀದಿಯನ್ನು ಹುಡುಕುವುದು ಹೇಗೆ?

ಉಡುಪಿ: ವರ್ಗಾವಣೆ, ಮಣಿಪಾಲದಲ್ಲಿ ದೊರೆತ ಉದ್ಯೋಗ, ಮನೆಯಿಂದಲೇ ಕೆಲಸ ಮಾಡುವ ಅವಕಾಶ ಅಥವಾ ಊರಿನಲ್ಲಿ ಇಬ್ಬರೇ ಉಳಿದಿರುವ ತಂದೆ-ತಾಯಿಯ ಆರೈಕೆ. ಕಾರಣ ಯಾವುದೇ ಇರಲಿ, ಶಾಲೆಗೆ ಹೋಗುವ ಮಕ್ಕಳೊಂದಿಗೆ ಬೆಂಗಳೂರು, ಮುಂಬಯಿಗಳಿಂದ ಉಡುಪಿಗೆ ಬರುವ ಕುಟುಂಬಗಳು ಮನೆ ಹುಡುಕುವಾಗ ಮೊದಲು ವಿಚಾರಿಸುವುದು ಬಾಡಿಗೆ ಎಷ್ಟು, ಕೋಣೆ ಎಷ್ಟು, ಸಮುದ್ರ ಎಷ್ಟು ದೂರ ಎಂಬುದನ್ನು. ಅಕ್ಕಪಕ್ಕದಲ್ಲಿ ತಮ್ಮ ಮಗುವಿನ ವಯಸ್ಸಿನ ಮಕ್ಕಳಿದ್ದಾರೆಯೇ ಎಂಬ ಪ್ರಶ್ನೆ ಹೊಳೆಯುವುದು ಲಾರಿಯಿಂದ ಸಾಮಾನು ಇಳಿಸಿದ ಮೇಲೆಯೇ. ಉಡುಪಿಯ ಮಟ್ಟಿಗೆ ಇದೇ ಮೊದಲ ಪ್ರಶ್ನೆಯಾಗಬೇಕು.

ಇದಕ್ಕೆ ಕಾರಣ ಜಿಲ್ಲೆಯ ಜನಸಂಖ್ಯೆಯಲ್ಲಿಯೇ ಇದೆ. 2001ರಲ್ಲಿ 11,12,243 ಇದ್ದ ಉಡುಪಿ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯ ವೇಳೆಗೆ 11,77,361 ತಲುಪಿತು. ಅಂದರೆ ಹತ್ತು ವರ್ಷಗಳಲ್ಲಿ ಶೇ. 6ರಷ್ಟೂ ಏರಿಕೆಯಿಲ್ಲ. ಅದೇ ಅವಧಿಯಲ್ಲಿ ರಾಜ್ಯದ ಬೆಳವಣಿಗೆ ಶೇ. 15.6. ಸಾವಿರ ಪುರುಷರಿಗೆ 1,094 ಮಹಿಳೆಯರು ಎಂಬ ಮತ್ತೊಂದು ಅಂಕಿ, ದುಡಿಯುವ ವಯಸ್ಸಿನವರು ಎಲ್ಲಿದ್ದಾರೆ ಎಂಬುದರ ಸೂಚನೆ ನೀಡುತ್ತದೆ. ಹೋಟೆಲು, ಬ್ಯಾಂಕು, ಕೊಲ್ಲಿ ರಾಷ್ಟ್ರಗಳ ನೌಕರಿ ಎಂದು ಮೂರು ತಲೆಮಾರು ಊರು ಬಿಟ್ಟು ಹೋಗಿದೆ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ ಊರಿದು. 2020ರ ಏಪ್ರಿಲ್‌ನಲ್ಲಿ ಎರಡೂ ಬೇರೆ ಬ್ಯಾಂಕುಗಳಲ್ಲಿ ವಿಲೀನಗೊಂಡವು. ಆದರೆ ದೇಶವಿಡೀ ಸುತ್ತಿ ನಿವೃತ್ತರಾದ ಬ್ಯಾಂಕ್ ನೌಕರರು ಕೊನೆಗೆ ನೆಲೆಸಿದ್ದು ಇಲ್ಲಿಯೇ. ಅವರ ಮಕ್ಕಳು ಬೇರೆಡೆ ಇದ್ದಾರೆ. ಮೊಮ್ಮಕ್ಕಳು ಬರುವುದು ರಜೆಗೆ.

ಮೇ ತಿಂಗಳನ್ನು ನಂಬಬೇಡಿ

ಹೊರಗಿನವರು ಇಲ್ಲಿಯೇ ಮೋಸಹೋಗುತ್ತಾರೆ. ಬೇಸಿಗೆ ರಜೆಯಲ್ಲಿ ಮನೆ ನೋಡಲು ಬಂದವರಿಗೆ ವಸತಿ ಸಮುಚ್ಚಯದ ಅಂಗಳದ ತುಂಬ ಮಕ್ಕಳು ಕಾಣಸಿಗುತ್ತಾರೆ. ಅವರಲ್ಲಿ ಹೆಚ್ಚಿನವರು ಅಜ್ಜನ ಮನೆಗೆ ಬಂದವರು. ಜೂನ್ ಮೊದಲ ವಾರದಲ್ಲಿ ಅಂಗಳ ಖಾಲಿಯಾಗುತ್ತದೆ. ಆದ್ದರಿಂದ ಮನೆಯನ್ನು ಶಾಲೆ ನಡೆಯುತ್ತಿರುವ ದಿನಗಳಲ್ಲಿ, ಸಂಜೆ ನಾಲ್ಕೂವರೆಯಿಂದ ಆರರೊಳಗೆ ನೋಡುವುದು ಲೇಸು. ಶಾಲಾ ವಾಹನಗಳು, ಮಕ್ಕಳನ್ನು ಕರೆತರುವ ಆಟೊರಿಕ್ಷಾಗಳು ಆ ಬೀದಿಯಲ್ಲಿ ನಿಲ್ಲುತ್ತವೆಯೇ, ಎಷ್ಟು ಮಂದಿ ಇಳಿಯುತ್ತಾರೆ ಎಂಬುದನ್ನು ಗಮನಿಸಿದರೆ ಯಾವ ದಲ್ಲಾಳಿಯೂ ಹೇಳದ ಉತ್ತರ ಸಿಗುತ್ತದೆ.

ರಾತ್ರಿ ಎಂಟಕ್ಕೆ ಮತ್ತೊಮ್ಮೆ ಬಂದು ಕಟ್ಟಡದ ಎಷ್ಟು ಕಿಟಕಿಗಳಲ್ಲಿ ಬೆಳಕಿದೆ ಎಂದು ಎಣಿಸಿ ನೋಡಬಹುದು. ಮುಂಬಯಿ, ದುಬೈಗಳಲ್ಲಿರುವವರು ಖರೀದಿಸಿ ಬೀಗ ಹಾಕಿಟ್ಟ ಫ್ಲಾಟುಗಳು ನಗರದಲ್ಲಿ ಸಾಕಷ್ಟಿವೆ. ಇಂಥ ಕಟ್ಟಡದಲ್ಲಿ ಬಾಡಿಗೆ ಕಡಿಮೆಯಾದೀತು, ಲಿಫ್ಟ್ ಮತ್ತು ಜನರೇಟರ್ ವೆಚ್ಚ ಹಂಚಿಕೊಳ್ಳುವವರೂ ಕಡಿಮೆಯಾದಾರು. ನಿವಾಸಿಗಳ ಸಂಘದ ನಿಯಮಗಳನ್ನು ಲಿಖಿತವಾಗಿ ಕೇಳಿ ಪಡೆಯುವುದು ಅಗತ್ಯ. ಅಂಗಳದಲ್ಲಿ ಚೆಂಡಾಟಕ್ಕೆ ನಿಷೇಧವಿದೆಯೇ, ಮಧ್ಯಾಹ್ನದ ಹೊತ್ತು ಸದ್ದು ಮಾಡಬಾರದೆಂಬ ಕಟ್ಟಳೆಯಿದೆಯೇ ಎಂಬುದು ಮುಂಗಡ ಕೊಡುವ ಮುನ್ನವೇ ತಿಳಿದಿರಬೇಕು. ಎಪ್ಪತ್ತು ದಾಟಿದವರೇ ಹೆಚ್ಚಿರುವ ಕಟ್ಟಡದಲ್ಲಿ ಈ ನಿಯಮಗಳು ತಪ್ಪೆಂದು ಹೇಳಲಾಗದು. ಆದರೆ ಎಂಟು ವರ್ಷದ ಹುಡುಗನಿಗೆ ಅಲ್ಲಿ ದಿನ ಕಳೆಯುವುದು ಕಷ್ಟ.

ಹಾಗೆಂದು ಹಿರಿಯರಿರುವ ಬೀದಿಯನ್ನೇ ತಪ್ಪಿಸಬೇಕಾಗಿಲ್ಲ. ಒಂಟಿ ಮನೆಗಳಿರುವ ಹಳೆಯ ಓಣಿಗಳಲ್ಲಿ ಜಗಲಿಯ ಮೇಲೆ ಕುಳಿತ ಅಜ್ಜ-ಅಜ್ಜಿಯರ ಕಣ್ಣು ತಪ್ಪಿಸಿ ಅಪರಿಚಿತರು ಓಡಾಡುವುದು ಅಸಾಧ್ಯ. ಅಪ್ಪ-ಅಮ್ಮ ಇಬ್ಬರೂ ದುಡಿಯುವ ಮನೆಗೆ ಇದು ಸಣ್ಣ ಅನುಕೂಲವೇನಲ್ಲ. ಬೀದಿಯಲ್ಲಿ ನಾಲ್ಕೈದು ಮಕ್ಕಳಾದರೂ ಇದ್ದು, ಉಳಿದವರು ಹಿರಿಯರಾಗಿದ್ದರೆ ಅದೇ ಒಳ್ಳೆಯ ನೆರೆಹೊರೆ ಎಂಬುದು ನಮ್ಮ ಅನಿಸಿಕೆ.

ಯಾವ ಬಡಾವಣೆ?

ನಗರಸಭೆಯ ವ್ಯಾಪ್ತಿ ಪಶ್ಚಿಮದ ಮಲ್ಪೆಯಿಂದ ಪೂರ್ವದ ಮಣಿಪಾಲದವರೆಗೆ ಚಾಚಿಕೊಂಡಿದೆ. ಇವೆರಡನ್ನೂ ಜೋಡಿಸುವುದು ರಾಷ್ಟ್ರೀಯ ಹೆದ್ದಾರಿ 169ಎ. ಅದಕ್ಕೆ ಅಡ್ಡವಾಗಿ ಉತ್ತರ-ದಕ್ಷಿಣವಾಗಿ ಸಾಗುವುದು ಹೆದ್ದಾರಿ 66. ಬಡಾವಣೆಗಳ ಗುಣಾವಗುಣಗಳನ್ನು ಈ ಎರಡು ರಸ್ತೆಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ತೂಗಬೇಕು.

ಅಜ್ಜರಕಾಡು ಮತ್ತು ಬ್ರಹ್ಮಗಿರಿಯ ಆಸುಪಾಸು ಮಕ್ಕಳಿರುವ ಕುಟುಂಬಗಳಿಗೆ ಹಲವು ರೀತಿಯಿಂದ ಅನುಕೂಲ. ಭುಜಂಗ ಪಾರ್ಕ್, ಜಿಲ್ಲಾ ಕ್ರೀಡಾಂಗಣ, ಈಜುಕೊಳ, ಜಿಲ್ಲಾ ಆಸ್ಪತ್ರೆ ಎಲ್ಲವೂ ನಡೆದು ಹೋಗುವಷ್ಟು ಸಮೀಪದಲ್ಲಿವೆ. ಸಂಜೆಯ ಹೊತ್ತು ಕ್ರೀಡಾಂಗಣದಲ್ಲಿ ವಾಕಿಂಗ್ ಮಾಡುವ ಹಿರಿಯರೂ ಓಟದ ಅಭ್ಯಾಸ ಮಾಡುವ ಮಕ್ಕಳೂ ಒಟ್ಟಿಗೇ ಕಾಣುತ್ತಾರೆ. ಅದಕ್ಕೆ ತಕ್ಕಂತೆ ಬಾಡಿಗೆಯೂ ಇದೆ. ಕುಂಜಿಬೆಟ್ಟು ಮತ್ತು ಕಡಿಯಾಳಿಗಳು ಉಡುಪಿ-ಮಣಿಪಾಲ ರಸ್ತೆಯಲ್ಲಿರುವುದರಿಂದ ನಿಮಿಷಕ್ಕೊಂದು ಎನ್ನುವಂತೆ ಸಿಟಿ ಬಸ್ಸುಗಳಿವೆ. 1949ರಲ್ಲಿ ಆರಂಭವಾದ ಎಂಜಿಎಂ ಕಾಲೇಜು ಇಲ್ಲಿಯೇ ಇದ್ದು, ಯಕ್ಷಗಾನ, ನಾಟಕ, ಸಂಗೀತಗಳ ಒಡನಾಟ ಮಕ್ಕಳಿಗೆ ಸುಲಭವಾಗಿ ದೊರೆಯುತ್ತದೆ.

ಮಣಿಪಾಲದ ಸ್ಥಿತಿ ಬೇರೆ. 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ಸ್ಥಾಪನೆಯಾದ ಬಳಿಕ ಬೋಳು ಗುಡ್ಡ ವಿದ್ಯಾನಗರವಾಯಿತು. ಇಲ್ಲಿ ವೃದ್ಧರ ಬದಲು ಇಪ್ಪತ್ತರ ಹರೆಯದವರದ್ದೇ ಕಾರುಬಾರು. ವಿದ್ಯಾರತ್ನನಗರದಂಥ ಕಡೆ ಇಡೀ ಕಟ್ಟಡಗಳೇ ವಿದ್ಯಾರ್ಥಿಗಳಿಂದ ತುಂಬಿರುತ್ತವೆ. ತಡರಾತ್ರಿಯ ಬೈಕ್ ಸದ್ದು ಸಾಮಾನ್ಯ. ಅಧ್ಯಾಪಕರು, ವೈದ್ಯರ ಕುಟುಂಬಗಳಿರುವ ಒಳಬೀದಿಗಳನ್ನು ಹುಡುಕಿಕೊಂಡರೆ ಮಾತ್ರ ಮಕ್ಕಳ ಒಡನಾಟ ಸಿಕ್ಕೀತು. ಮಣ್ಣಪಳ್ಳದ ಕೆರೆ ದಂಡೆ ನಡಿಗೆಗೆ ಹೇಳಿಮಾಡಿಸಿದ ಜಾಗ. ಮಣಿಪಾಲ ದಾಟಿ ಪರ್ಕಳದ ಕಡೆಗೆ ಹೋದರೆ ಅಂಗಳವಿರುವ ಒಂಟಿ ಮನೆಗಳು ಹೆಚ್ಚು ಸಿಗುತ್ತವೆ.

ಸಂತೆಕಟ್ಟೆ, ಅಂಬಲಪಾಡಿ, ಕಿನ್ನಿಮೂಲ್ಕಿಗಳಲ್ಲಿ ಹೊಸ ಮನೆಗಳೇನೋ ಇವೆ. ಇಲ್ಲಿ ಕೇಳಬೇಕಾದುದು ಒಂದೇ: ಮನೆ ಮತ್ತು ಶಾಲೆ ಹೆದ್ದಾರಿ 66ರ ಒಂದೇ ಬದಿಗಿವೆಯೇ? ಬೇರೆ ಬೇರೆ ಬದಿಗಿದ್ದರೆ ಸೈಕಲ್ ಹೊಡೆಯುವ ಮಗು ದಿನಕ್ಕೆರಡು ಬಾರಿ ಹೆದ್ದಾರಿ ದಾಟಬೇಕಾಗುತ್ತದೆ. ಬಾಡಿಗೆಯಲ್ಲಿ ಉಳಿಯುವ ಹಣಕ್ಕಾಗಿ ಈ ಅಪಾಯ ಮೈಮೇಲೆಳೆದುಕೊಳ್ಳುವುದು ಸರಿಯಲ್ಲ. ಇನ್ನು ರಥಬೀದಿಯ ಸುತ್ತಮುತ್ತ ಮನೆ ಮಾಡುವವರು ಯಾತ್ರಿಕರ ವಾಹನ ದಟ್ಟಣೆಗೆ ಸಿದ್ಧರಿರಬೇಕು. ಸಮಸಂಖ್ಯೆಯ ವರ್ಷಗಳ ಜನವರಿಯಲ್ಲಿ ನಡೆಯುವ ಪರ್ಯಾಯದ ದಿನಗಳಲ್ಲಂತೂ ಕಾರನ್ನು ಮರೆಯುವುದೇ ಒಳಿತು.

ನೀರು ಹೆಚ್ಚಿದರೆ, ನೀರು ಬತ್ತಿದರೆ

ವರ್ಷಕ್ಕೆ ಸರಾಸರಿ 4,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಜಿಲ್ಲೆಯಿದು. 2020ರ ಸೆಪ್ಟೆಂಬರ್ 20ರಂದು ಒಂದೇ ರಾತ್ರಿಯ ಮಳೆಗೆ ಇಂದ್ರಾಣಿ ಹೊಳೆ ಉಕ್ಕಿ ಕಲ್ಸಂಕ, ಬನ್ನಂಜೆ, ಬೈಲಕೆರೆ, ಮಠದಬೆಟ್ಟು, ಗುಂಡಿಬೈಲು ಪ್ರದೇಶಗಳ ಮನೆಗಳಿಗೆ ನೀರು ನುಗ್ಗಿತು. ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ಸ್ಥಳನಾಮಗಳೇ ಇದರ ಮುನ್ಸೂಚನೆ ಕೊಡುತ್ತವೆ. ತುಳುನಾಡಿನ ಕೃಷಿಕರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದ್ದರು. ಎಲ್ಲಕ್ಕಿಂತ ತಗ್ಗಿನಲ್ಲಿದ್ದು ನೀರು ನಿಲ್ಲುವುದು ಬೈಲು. ಮೇಲಿನ, ಮಳೆಯನ್ನೇ ನಂಬಿದ ಗದ್ದೆ ಬೆಟ್ಟು. ಬೆಟ್ಟು ಎಂಬ ಹೆಸರು ಕೇಳಿ ಬೆಟ್ಟವೆಂದು ತಿಳಿಯಬಾರದು, ಅದೂ ಗದ್ದೆಯೇ. ನಿಜವಾಗಿ ಎತ್ತರವೆಂದರೆ ಗುಡ್ಡೆ ಮತ್ತು ಪದವು. ಗದ್ದೆಗೆ ಮಣ್ಣು ತುಂಬಿಸಿ ಎದ್ದ ಕಟ್ಟಡವಾದರೆ, 2020ರಲ್ಲಿ ಮೆಟ್ಟಿಲವರೆಗೆ ನೀರು ಬಂದಿತ್ತೇ ಎಂದು ಎದುರು ಮನೆಯ ಹಿರಿಯರನ್ನು ಕೇಳಿ. ಅವರಿಗೆ ಖಂಡಿತ ನೆನಪಿರುತ್ತದೆ.

ಇಷ್ಟು ಮಳೆಯ ಊರಿನಲ್ಲಿ ಬೇಸಿಗೆಗೆ ನೀರಿಲ್ಲವೆಂದರೆ ಬಯಲುಸೀಮೆಯವರು ನಂಬಲಾರರು. ನಗರಕ್ಕೆ ನೀರು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ ಬರುತ್ತದೆ. 2019ರ ಮೇ ತಿಂಗಳಲ್ಲಿ ಅದು ತಳ ಕಂಡು, ವಾರ್ಡುಗಳಿಗೆ ಸರದಿಯ ಮೇಲೆ ನೀರು ಬಿಡಬೇಕಾಗಿತ್ತು. ವಾರಾಹಿ ನದಿಯಿಂದ ನೀರು ತರುವ ಯೋಜನೆಯನ್ನೂ ಕೈಗೆತ್ತಿಕೊಳ್ಳಲಾಗಿದ್ದು, ಆ ನೀರು ನಿಮ್ಮ ಬೀದಿಯ ನಲ್ಲಿಗೆ ಬರುತ್ತದೆಯೇ ಎಂಬುದನ್ನು ನೆರೆಯವರಿಂದ ಖಚಿತಪಡಿಸಿಕೊಳ್ಳಬೇಕು. ಮನೆಗೆ ಬಾವಿಯಿದ್ದರೆ ದೊಡ್ಡ ನೆಮ್ಮದಿ. ಆದರೆ ಸಮುದ್ರ, ಅಳಿವೆಗಳ ಸಮೀಪ ಏಪ್ರಿಲ್-ಮೇ ವೇಳೆಗೆ ಬಾವಿ ನೀರು ಉಪ್ಪಾಗುವುದುಂಟು.

ಶಾಲೆ, ಬಸ್ಸು, ಭಾಷೆ

ಬೇರೆ ರಾಜ್ಯ, ವಿದೇಶಗಳಿಂದ ಬರುವವರು ಗಮನಿಸಬೇಕಾದ ಅಂಶವೆಂದರೆ, 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಪ್ರಕಾರ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕಾಗಿದೆ. ಪಠ್ಯದ ಕನ್ನಡ ಶಾಲೆಯಲ್ಲಿ ಬಂದೀತು. ಆಟದ ಬಯಲಿನ ಭಾಷೆ ತುಳು. ಕೆಲವು ಬೀದಿಗಳಲ್ಲಿ ಕೊಂಕಣಿ. ಮಕ್ಕಳಿಗೆ ಆರು ತಿಂಗಳು ಸಾಕು, ಹೆತ್ತವರಿಗೆ ತುಸು ಹೆಚ್ಚು ಬೇಕಾದೀತು. ಮಳೆಗಾಲದಲ್ಲಿ ಜಿಲ್ಲಾಡಳಿತ ಮುನ್ನಾ ದಿನ ರಾತ್ರಿ ಅಥವಾ ಮುಂಜಾನೆ ರಜೆ ಘೋಷಿಸುವುದು ಇಲ್ಲಿ ಮಾಮೂಲು. ಅಂಥ ದಿನ ಮಗುವನ್ನು ಯಾರ ಬಳಿ ಬಿಡುವುದು ಎಂಬುದಕ್ಕೆ ಮೊದಲೇ ವ್ಯವಸ್ಥೆ ಇರಲಿ. ಬಸ್ಸುಗಳಲ್ಲಿ ಬಹುಪಾಲು ಖಾಸಗಿಯವಾದ್ದರಿಂದ 2023ರಲ್ಲಿ ಆರಂಭವಾದ 'ಶಕ್ತಿ' ಯೋಜನೆಯ ಉಚಿತ ಪ್ರಯಾಣ ನಗರದ ಒಳಗೆ ಅಷ್ಟಾಗಿ ಒದಗುವುದಿಲ್ಲ.

ಖರೀದಿಗೆ ಅವಸರ ಬೇಡ. 11 ತಿಂಗಳ ಬಾಡಿಗೆ ಕರಾರಿನಲ್ಲಿ ಒಂದು ಮಳೆಗಾಲ ಮತ್ತು ಒಂದು ಬೇಸಿಗೆಯನ್ನು ಅದೇ ಬಡಾವಣೆಯಲ್ಲಿ ಕಳೆದ ಬಳಿಕ ನಿರ್ಧರಿಸುವುದು ಸೂಕ್ತ. ಕಡಲ ತಡಿಯ ನಿವೇಶನವೇ ಬೇಕೆನ್ನುವವರು, ಸಮುದ್ರದ ಉಬ್ಬರದ ರೇಖೆಯಿಂದ 500 ಮೀಟರ್ ತನಕದ ಜಾಗ ಕರಾವಳಿ ನಿಯಂತ್ರಣ ವಲಯಕ್ಕೆ ಸೇರುತ್ತದೆ ಎಂಬುದನ್ನು ಅರಿತು, ಅಲ್ಲಿ ಮನೆ ಕಟ್ಟಲು ಅನುಮತಿ ದೊರೆಯುವುದೇ ಎಂದು ಮುಂಗಡ ನೀಡುವ ಮೊದಲು ವಿಚಾರಿಸಿಕೊಳ್ಳಬೇಕು.